ಬೆಳಕಿನ ಚಿಕಿತ್ಸೆಗೆ ಹೊರಡುವ ಮುನ್ನ ಒಂದು ನೋಟ್‌ಬುಕ್ ಕೊಳ್ಳಿ

ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಬೆಳಕಿನ ಚಿಕಿತ್ಸೆ ಬರೆದುಕೊಟ್ಟ ದಿನ ನನಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಈ ಬೆಳಕಿನಿಂದ ವರ್ಣತಂತುಗಳಿಗೆ, ಅಂದರೆ ಜೀವಕೋಶದೊಳಗೆ ಡಿಎನ್‌ಎಯನ್ನು ಹೊತ್ತ ಎಳೆಗಳಿಗೆ, ಪೆಟ್ಟು ಬಿದ್ದರೆ ಹುಟ್ಟುವ ಮಗುವಿನ ಗತಿಯೇನು ಎಂದು ವೈದ್ಯರನ್ನು ಕೇಳಿದೆ. ನೀವೂ ಸಂಕೋಚವಿಲ್ಲದೆ ಕೇಳಿ. ಜೊತೆಗೆ ಯಾವ ಬೆಳಕು ಎಂಬುದನ್ನೂ ಕೇಳಿ, ಏಕೆಂದರೆ ಉತ್ತರ ಅದರ ಮೇಲೆ ನಿಂತಿದೆ.

ನನಗೆ ಕೊಟ್ಟದ್ದು ನ್ಯಾರೋಬ್ಯಾಂಡ್ ಯುವಿಬಿ, ಅಂದರೆ ಸುಮಾರು 311 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣ. ಅದೂ ಡಿಎನ್‌ಎಗೆ ಗಾಯ ಮಾಡುತ್ತದೆ. ಆದರೆ ಬಹುಪಾಲು ಮೇಲ್ಚರ್ಮದಲ್ಲೇ ಇಂಗಿಹೋಗುತ್ತದೆ, ಅಂಡಾಶಯದವರೆಗೆ ಇಳಿಯುವುದಿಲ್ಲ; ಗಾಯದ ಹೆಚ್ಚಿನ ಪಾಲನ್ನು ಜೀವಕೋಶವೇ ಕತ್ತರಿಸಿ ತೆಗೆದು ಸರಿಪಡಿಸಿಕೊಳ್ಳುತ್ತದೆ. ಗಂಡಸರು ಜನನಾಂಗವನ್ನು ಮುಚ್ಚಿಕೊಂಡೇ ಬೆಳಕಿನ ಪೆಟ್ಟಿಗೆಯೊಳಗೆ ಹೋಗಬೇಕು.

ಪುವಾ ಎಂದರೆ ಬೇರೆಯೇ ಲೆಕ್ಕ. ಸೋರಲೆನ್ ಮಾತ್ರೆ ನುಂಗಿ ಯುವಿಎ ಎಂಬ ಇನ್ನೊಂದು ಬಗೆಯ ನೇರಳಾತೀತ ಬೆಳಕಿಗೆ ನಿಲ್ಲುವ ಚಿಕಿತ್ಸೆ ಅದು. ಸೋರಲೆನ್ ಡಿಎನ್‌ಎಯ ಎರಡು ಎಳೆಗಳ ನಡುವೆ ನುಸುಳಿ, ಬೆಳಕು ಬಿದ್ದಾಗ ಅವನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದ 1,380 ಪುವಾ ರೋಗಿಗಳನ್ನು ದಶಕಗಳ ಕಾಲ ಗಮನಿಸಿದಾಗ, ಚಿಕಿತ್ಸೆಯ ಸಂಖ್ಯೆ ಏರಿದಂತೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಏರಿತು. ಗರ್ಭಿಣಿಯರಿಗೆ ಇದು ಬೇಡ. ಮಾತ್ರೆ ನುಂಗಿದ ಮೇಲೆ 24 ಗಂಟೆ, ಕಿಟಕಿಯ ಪಕ್ಕ ಕುಳಿತಾಗಲೂ, ಯುವಿ ತಡೆಯುವ ಕನ್ನಡಕ ಬೇಕು. ಸೋರಲೆನ್ ಬಾವಂಚಿ ಬೀಜದಲ್ಲೂ ಇದೆ. ಅದರ ಎಣ್ಣೆ ಹಚ್ಚಿ ತಾರಸಿಯ ಬಿಸಿಲಿಗೆ ನಿಲ್ಲುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ.

ಕಲ್ಲಿದ್ದಲ ಡಾಂಬರಿನ ಮುಲಾಮನ್ನೂ ಬೆಳಕನ್ನೂ ಕೂಡಿಸುವ ಹಳೆಯ ಕ್ರಮವೊಂದಿದೆ. ಜೆಕ್ ದೇಶದ ಸಂಶೋಧಕರು ಅದನ್ನು ಪಡೆದವರ ರಕ್ತದ ಬಿಳಿಕಣಗಳಲ್ಲಿ ವರ್ಣತಂತು ದೋಷ ಹೆಚ್ಚಿದ್ದನ್ನು ಕಂಡಿದ್ದಾರೆ. ಮುಲಾಮಿನಲ್ಲಿ ಡಾಂಬರು ಇದೆಯೇ ಎಂದು ಕೇಳಿಯೇ ಹಚ್ಚಿಕೊಳ್ಳಿ.

ಇನ್ನು ನೋಟ್‌ಬುಕ್. ನಾಲ್ಕು ಗೆರೆ ಎಳೆಯಿರಿ: ದಿನಾಂಕ, ಎಷ್ಟನೆಯ ಸಲ, ಎಷ್ಟು ಮಿಲಿಜೂಲ್ (ಬೆಳಕಿನ ಪ್ರಮಾಣದ ಅಳತೆ), ಮರುದಿನ ಚರ್ಮ ಕೆಂಪಾಯಿತೇ. ಉರಿಯಿದ್ದರೆ ಒಳಗೆ ಹೋಗುವ ಮೊದಲೇ ಹೇಳಿ. ವಾರ ತಪ್ಪಿದರೂ ಹೇಳಿ, ಪ್ರಮಾಣ ಇಳಿಸಬೇಕಾಗಬಹುದು.

ಊರು ಬದಲಾದಾಗ ಹೊಸ ಆಸ್ಪತ್ರೆಯವರು ನನ್ನ ಹಳೆಯ ದಾಖಲೆ ಕೇಳಲೇ ಇಲ್ಲ. ಕಾರ್ಡಿನಲ್ಲಿ ಎಷ್ಟನೆಯ ಸಲ ಎಂಬಲ್ಲಿ '1' ಎಂದು ಬರೆದರು. ನಾನು ನೋಟ್‌ಬುಕ್ ಬಿಚ್ಚಿ ಕೊನೆಯ ಸಾಲು ತೋರಿಸಿದೆ. ನರ್ಸ್ ಒಂದು ಕ್ಷಣ ನೋಡಿ, ಆ ಒಂದನ್ನು ಹೊಡೆದುಹಾಕಿ, ಪಕ್ಕದಲ್ಲಿ 38 ಎಂದು ಬರೆದರು.