ವಿಡಿಯೊ ಬಿಟ್ಟು ಸಾದಾ ಫೋನಿಗೆ ಬಂದೆ: ನಿದ್ರೆ, ಆತಂಕ, ನೋವಿನ ಕೆಲಸದಲ್ಲಿ ನನ್ನ ಅನುಭವ

ನಿದ್ರೆ ಬಾರದವರಿಗೆ, ಆತಂಕದವರಿಗೆ, ನೋವಿನವರಿಗೆ ದೂರದಿಂದಲೇ ಮಾತಿನ ಚಿಕಿತ್ಸೆ ಕೊಡುವುದು ನನ್ನ ಕೆಲಸ. ನನ್ನ ಪದ್ಧತಿಯಲ್ಲಿ ಹೊಸ ಸಿದ್ಧಾಂತ ಏನೂ ಇಲ್ಲ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾಗಿ ಬರುವ ನಿದ್ರೆಯಷ್ಟಕ್ಕೇ ಕತ್ತರಿಸುವುದು, ಹಾಸಿಗೆ ನಿದ್ರೆಗೆ ಮಾತ್ರ ಎಂಬ ನಿಯಮ, ಚಿಂತೆಗೆ ಬೇರೆ ಹೊತ್ತು ಗೊತ್ತುಮಾಡುವುದು, ಇವೆಲ್ಲ ಈ ಕೆಲಸದವರಿಗೆ ಬಾಯಿಪಾಠ. ನಾನು ಬದಲಿಸಿದ್ದು ಎರಡೇ. ವಿಡಿಯೊ ಬಿಟ್ಟು ಸಾದಾ ಕರೆ ಹಿಡಿದೆ. ಚಿಕಿತ್ಸೆ ಶುರುಮಾಡುವ ತಿಂಗಳನ್ನು ತೋಟದ ಮತ್ತು ಬೋಟಿನ ಕೆಲಸ ನೋಡಿ ಇಟ್ಟೆ. ಶಿರಸಿಯಲ್ಲಿ ಕೂತು ಭಟ್ಕಳದಿಂದ ಜೋಯಿಡಾದವರೆಗೆ ಈಗ ಒಂದು ಹೊತ್ತಿಗೆ ಹನ್ನೆರಡು ಹದಿನಾಲ್ಕು ಜನರನ್ನು ನಡೆಸುತ್ತೇನೆ. "ನಾಲ್ಕು ರೂಪಾಯಿ ಮಾತ್ರೆಯಲ್ಲಿ ಆಗೋ ಕೆಲಸಕ್ಕೆ ನಿಮ್ಮ ಮಾತಿಗೆ ಎರಡೂವರೆ ಸಾವಿರ ಯಾರು ಕೊಡ್ತಾರೆ" ಎಂದಿದ್ದ ವೈದ್ಯರೇ ಕಳೆದ ಮಳೆಗಾಲದಲ್ಲಿ ಮೂವರನ್ನು ಕಳಿಸಿದರು. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲ ವರ್ಷ ಪೂರಾ ಹಾಳು. ವಿಡಿಯೊ ಕರೆ, ಗೂಗಲ್ ಫಾರ್ಮಿನಲ್ಲಿ ನಿದ್ರೆ ಡೈರಿ, ಪಿಡಿಎಫ್ ಹಾಳೆ, ಎಲ್ಲ ಶಿಸ್ತಾಗಿ ಇಟ್ಟುಕೊಂಡಿದ್ದೆ. ಸಿದ್ದಾಪುರ, ಯಲ್ಲಾಪುರದ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಮಳೆ ಹಿಡಿದರೆ ಕರೆಂಟು ಹೋಗಿ, ಅದರ ಹಿಂದೆಯೇ ಟವರೂ ಮಲಗುತ್ತದೆ. ಮುಖ ಅರ್ಧ ಕಂಡು ನಿಂತುಹೋದಾಗ ಆತಂಕದ ರೋಗಿಗೆ ಆತಂಕ ಇನ್ನೂ ಏರುತ್ತದೆ. ಇನ್ನೊಂದು ತೊಂದರೆ ಮನೆಯವರು. ಪರದೆಯಲ್ಲಿ ಮುಖ ಕಂಡಿತೋ, ಅತ್ತೆ, ಮೈದುನ, ಪಕ್ಕದ ಮನೆಯ ಮಾಣಿ ಎಲ್ಲ ಬಂದು ಕೂರುತ್ತಾರೆ. ಡೈರಿ ತುಂಬಿದವರು ಹತ್ತಕ್ಕೆ ಮೂವರು, ಅದೂ ಭಾನುವಾರ ರಾತ್ರಿ ವಾರದ ಲೆಕ್ಕವನ್ನೆಲ್ಲ ಒಂದೇ ಕೂರಿಕೆಯಲ್ಲಿ. ಅಂಥ ಡೈರಿ ಇದ್ದರೂ ಒಂದೇ, ಬಿಟ್ಟರೂ ಒಂದೇ.

ಈಗ ವಿಡಿಯೊ ಮೊದಲ ಸಲ ಹತ್ತು ನಿಮಿಷ ಮಾತ್ರ. ಮುಖ ನೋಡಬೇಕು, ಉಸಿರಾಟ ನೋಡಬೇಕು. ನೋವಿನವರಾದರೆ ಫೋನನ್ನು ತಂಬಿಗೆಗೆ ಒರಗಿಸಿಟ್ಟು, ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿ ಎನ್ನುತ್ತೇನೆ. ಆಮೇಲೆ ಆರು ವಾರ ಬರೀ ಧ್ವನಿ. ತೋಟದ ಕಟ್ಟೆ, ನಿಲ್ಲಿಸಿದ ಕಾರು, ಕೊಟ್ಟಿಗೆ, ಎಲ್ಲಿ ಒಬ್ಬರೇ ಇರಲು ಆಗುತ್ತದೋ ಅಲ್ಲಿಂದ ಮಾತಾಡುತ್ತಾರೆ. ಯಾರಾದರೂ ಹತ್ತಿರ ಬಂದರೆ "ಸಿಲಿಂಡರ್ ನಾಳೆ ಕಳಿಸಿ" ಅಂದರೆ ಸಾಕು, ನಾನು ಕರೆ ಇಡುತ್ತೇನೆ, ಅರ್ಧ ತಾಸು ಬಿಟ್ಟು ಮತ್ತೆ ಮಾಡುತ್ತೇನೆ. ಒಬ್ಬರ ಮನೆಗೆ ನಿಜವಾಗಿ ಸಿಲಿಂಡರ್ ಬರಬೇಕಿದ್ದ ದಿನ ಇದೇ ಮಾತು ಬಂದು ಇಬ್ಬರಿಗೂ ಗೊಂದಲವಾಯಿತು. ಅವರಿಗೆ ಆಮೇಲೆ ಬೇರೆ ವಾಕ್ಯ ಕೊಟ್ಟೆ.

ಡೈರಿಯ ಬದಲು ಐದು ಸಂಖ್ಯೆ. ಬೆಳಿಗ್ಗೆ ಒಂಬತ್ತರೊಳಗೆ ವಾಟ್ಸಾಪ್ ಧ್ವನಿ ಸಂದೇಶ, ಇಪ್ಪತ್ತು ಸೆಕೆಂಡು ಸಾಕು. ಹಾಸಿಗೆಗೆ ಹೋದದ್ದು, ನಿದ್ರೆ ಹತ್ತಲು ಹಿಡಿದ ಹೊತ್ತು, ನಡುವೆ ಎಚ್ಚರವಿದ್ದದ್ದು ಒಟ್ಟು ಎಷ್ಟು, ಕೊನೆಯ ಎಚ್ಚರ, ಎದ್ದದ್ದು. "ಹತ್ತೂವರೆ, ಒಂದು ತಾಸು, ಎರಡು ತಾಸು, ಐದು, ಐದೂಮುಕ್ಕಾಲು." ಇಷ್ಟೇ. ಹಾಸಿಗೆಯಲ್ಲಿ ಏಳೂಕಾಲು ತಾಸು, ನಿದ್ರೆ ಮೂರೂವರೆ ತಾಸು, ಅಂದರೆ ಹಾಸಿಗೆಯ ಹೊತ್ತಿನ ಶೇ. 48. ಲೆಕ್ಕ ನನ್ನದು, ಅವರದಲ್ಲ. ರೋಗಿಗೆ ಲೆಕ್ಕ ಮಾಡಲು ಬಿಟ್ಟರೆ ರಾತ್ರಿ ಮಲಗಿದಲ್ಲೇ ಕೂಡಿಸಿ ಕಳೆಯುತ್ತಾರೆ. ಇದು ಎರಡನೇ ವರ್ಷ ಗೊತ್ತಾದದ್ದು. ನಡುರಾತ್ರಿ ಗಡಿಯಾರವನ್ನೂ ನೋಡಬಾರದು, ಅಂದಾಜೇ ಸಾಕು.

ಧ್ವನಿ ಸಂದೇಶದಲ್ಲಿ ಬರೆದ ಡೈರಿಯಲ್ಲಿ ಸಿಗದ್ದು ಒಂದಿದೆ: ಹಿಂದಿನ ಸದ್ದು. "ಐದೂವರೆಗೆ ಎದ್ದೆ" ಎನ್ನುವಾಗ ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿದರೆ ನಂಬಬಹುದು. ಫ್ಯಾನಿನ ಸದ್ದು ಮಾತ್ರ ಕೇಳಿದರೆ ಇನ್ನೂ ಹಾಸಿಗೆಯಲ್ಲಿದ್ದಾರೆ ಎಂದೇ ಅರ್ಥ. ಏಳುವ ಹೊತ್ತು ಗಟ್ಟಿ ಮಾಡಲು ಅಲಾರಾಂಗಿಂತ ಆಕಳು ಮೇಲು. ಡೇರಿಗೆ ಹಾಲು ಕೊಡುವವರು ನನ್ನಲ್ಲಿ ಬೇಗ ಗುಣವಾದವರು. ಕೊಟ್ಟಿಗೆಗೆ ಭಾನುವಾರ ರಜೆ ಇಲ್ಲವಲ್ಲ.

ಹೊತ್ತು ಕತ್ತರಿಸುವ ವಿಷಯ. ಒಂದು ವಾರದ ಸರಾಸರಿ ನಿದ್ರೆ ಐದು ತಾಸು ಬಂದರೆ ಪುಸ್ತಕದ ಪ್ರಕಾರ ಹಾಸಿಗೆಗೂ ಐದೇ ತಾಸು. ನಾನು ಐದೂವರೆಗಿಂತ ಕೆಳಗೆ ಇಳಿಯುವುದಿಲ್ಲ. ಇಲ್ಲಿಯವರು ಮರುದಿನ ಕತ್ತಿ ಹಿಡಿಯಬೇಕು, ಹುಲ್ಲು ಕತ್ತರಿಸುವ ಮೆಷಿನ್ ಹಿಡಿಯಬೇಕು. ಹನ್ನೆರಡಕ್ಕೆ ಮಲಗಿ ಐದೂವರೆಗೆ ಏಳುವುದು. ವಾರದ ಸರಾಸರಿ ಶೇ. 85 ದಾಟಿದರೆ ಕಾಲು ತಾಸು ಸೇರಿಸುತ್ತೇನೆ, 80ಕ್ಕಿಂತ ಇಳಿದರೆ ಕಾಲು ತಾಸು ತೆಗೆಯುತ್ತೇನೆ, ನಡುವೆ ಇದ್ದರೆ ಮುಟ್ಟುವುದಿಲ್ಲ.

ಹೇಳಲು ಸುಲಭ. ಒಂಬತ್ತೂವರೆಗೆ ದೀಪ ಆರುವ ಮನೆಯಲ್ಲಿ ಹನ್ನೆರಡರವರೆಗೆ ಏನು ಮಾಡಬೇಕು? ನನ್ನ ಮೊದಲ ಇಪ್ಪತ್ತು ಜನರಲ್ಲಿ ಅರ್ಧಕ್ಕರ್ಧ ಜನ ಸೋತದ್ದು ಇಲ್ಲೇ. ನಡುರಾತ್ರಿಯ ಎಚ್ಚರಕ್ಕಿಂತ ಹೆಚ್ಚು ಹಾಳು ಮಾಡುವುದು ಹತ್ತು ಗಂಟೆಯ ಜೋಂಪು. ಟೀವಿ ಮುಂದೆ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ತೂಕಡಿಸಿದರೆ ದಿನವಿಡೀ ಕೂಡಿಟ್ಟ ನಿದ್ರೆಯ ಹಸಿವು ಅಲ್ಲೇ ಖರ್ಚಾಗುತ್ತದೆ. ಅದನ್ನು ಯಾರೂ ನಿದ್ರೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಮಲಗಲಿಲ್ಲ, ಬರೀ ಕಣ್ಣು ಮುಚ್ಚಿದ್ದೆ" ಎನ್ನುತ್ತಾರೆ. ಈಗ ನನ್ನದೊಂದೇ ನಿಯಮ: ಒಂಬತ್ತರ ಮೇಲೆ ಬೆನ್ನು ಗೋಡೆಗೆ ತಾಗಬಾರದು. ಜಗಲಿಯಲ್ಲಿ ಮಣೆ ಹಾಕಿ ಕೂರಬಹುದು, ಪಾತ್ರೆ ತೊಳೆಯಬಹುದು, ಬಟ್ಟೆ ಮಡಚಬಹುದು. ಒರಗುವ ಹಾಗಿಲ್ಲ. ಮಧ್ಯಾಹ್ನ ಊಟದ ಮೇಲಿನ ನಿದ್ರೆಯೂ ಬಂದ್. ಇದಕ್ಕೆ ಹಿರಿಯರು ಒಪ್ಪುವುದು ಕಷ್ಟ, ಆರು ವಾರಕ್ಕಷ್ಟೇ ಎಂದು ಕಾಲಮಿತಿ ಹಾಕಿದರೆ ಒಪ್ಪುತ್ತಾರೆ.

ಹೆಚ್ಚಿನವರು ಕೈಬಿಡುವುದು ಐದನೇ ದಿನದ ಆಸುಪಾಸು. ಮೊದಲ ವಾರ ತಲೆಭಾರ, ಸಿಟ್ಟು, "ಮೊದಲೇ ಚೆನ್ನಾಗಿದ್ದೆ" ಎಂಬ ಮಾತು. ಮೂರನೇ ಮತ್ತು ಐದನೇ ದಿನ ನಾನೇ ಕರೆ ಮಾಡುತ್ತೇನೆ, ಆರೇಳು ನಿಮಿಷ. ಇದಕ್ಕೆ ದುಡ್ಡಿಲ್ಲ. ಆ ಎರಡು ಕರೆ ಶುರುಮಾಡಿದ ಮೇಲೆ ಬಿಟ್ಟುಹೋಗುವವರು ಮೂರರಲ್ಲಿ ಒಂದು ಪಾಲಿಗೆ ಇಳಿದರು. ಐದನೇ ದಿನ ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದೇ ನನ್ನ ಅನ್ನ.

ಕವಳದ, ಅಂದರೆ ಎಲೆಯಡಿಕೆಯ ವಿಷಯಕ್ಕೆ ಬರುತ್ತೇನೆ. ಚಟ ಏನಾದರೂ ಉಂಟಾ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ, ಕವಳ ಇಲ್ಲಿ ಚಟದ ಲೆಕ್ಕಕ್ಕೇ ಬರುವುದಿಲ್ಲ. "ರಾತ್ರಿ ಎಚ್ಚರಾದಾಗ ಕವಳ ಹಾಕ್ತೀರಾ?" ಎಂದೇ ಕೇಳಬೇಕು. "ಹೌದು, ಹೊತ್ತು ಹೋಗಬೇಕಲ್ಲ." ಎರಡು ಗಂಟೆಗೊಂದು, ಮೂರೂವರೆಗೊಂದು, ತಂಬಾಕು ಸಮೇತ. ತಂಬಾಕಿನ ನಿಕೋಟಿನ್, ಅಡಿಕೆಯ ಅರೆಕೊಲಿನ್ ಎರಡೂ ಎಚ್ಚರಿಸುವ ಸರಕು. ಇದು ಬೆಳಕಿಗೆ ಬರುವವರೆಗೆ ಒಬ್ಬರ ಮೇಲೆ ನಾಲ್ಕು ವಾರ ವ್ಯರ್ಥ ಮಾಡಿದ್ದೆ. ಬಿಡಿ ಎಂದರೆ ಬಿಡುವುದಿಲ್ಲ. ಸಂಚಿಯನ್ನು ಹಾಸಿಗೆಯ ಬದಿಯಿಂದ ಜಗಲಿಗೆ ಸಾಗಿಸಿ, ರಾತ್ರಿ ಊಟದ ಕವಳವೇ ಕೊನೆಯದು ಎಂದು ಇಟ್ಟುಕೊಂಡೆವು. ಚಾ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬೇಡ, ಸಂಜೆ ಕೊತ್ತಂಬರಿ ಜೀರಿಗೆಯ ಕಷಾಯ. ಕಷಾಯಕ್ಕೆ ನಿದ್ರೆ ತರುವ ಗುಣ ಇದೆ ಎಂದು ನಾನು ಹೇಳುವುದಿಲ್ಲ, ಚಾ ಜಾಗಕ್ಕೆ ಬಿಸಿಯಾದದ್ದು ಏನಾದರೂ ಬೇಕಷ್ಟೆ.

ಯಾವಾಗ ಶುರುಮಾಡಬೇಕು ಎಂಬುದರಲ್ಲಿ ಅರ್ಧ ಯಶಸ್ಸಿದೆ. ಘಟ್ಟದ ಮೇಲೆ ಅಡಿಕೆ ಸುಲಿಯುವ ಕಾಲದಲ್ಲಿ ಮುಟ್ಟಬಾರದು. ರಾತ್ರಿ ಸುಲಿತ, ಬೇಯಿಸುವ ಒಲೆ, ಯಾವ ವೇಳಾಪಟ್ಟಿಯೂ ನಿಲ್ಲುವುದಿಲ್ಲ. ಕರಾವಳಿಯ ಬೋಟಿನವರಿಗೆ ವರ್ಷದಲ್ಲಿ ಒಂದೇ ಕಿಂಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, 61 ದಿನ. ನನ್ನ ಆರು ವಾರ, ಮೇಲೆ ಎರಡು ವಾರ ಗಟ್ಟಿ ಮಾಡುವುದು, ಸರಿಯಾಗಿ ಅಷ್ಟೇ. ಮೇ ಕೊನೆಗೆ ಬೈತಖೋಲ, ತದಡಿ ಬಂದರಿನ ಕಡೆಯವರ ಐದು ಸಂಖ್ಯೆ ತೆಗೆದುಕೊಳ್ಳಲು ಶುರುಮಾಡಿ ಜೂನ್ ಮೊದಲ ವಾರ ಕತ್ತರಿ ಹಾಕುತ್ತೇನೆ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಹೊತ್ತು ಚದುರುತ್ತದೆ, ನಿಜ. ಆದರೆ ಹಾಸಿಗೆ ಕಂಡರೆ ಹೆದರುವುದು ಅಷ್ಟರಲ್ಲಿ ಹೋಗಿರುತ್ತದೆ.

ಯಾರನ್ನು ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ಮೂರ್ಛೆರೋಗ, ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಏರಿ ಒಮ್ಮೆ ಕುಸಿಯುವ ಕಾಯಿಲೆ) ಇದ್ದವರಿಗೆ ನಿದ್ರೆ ಕತ್ತರಿಸುವುದೇ ಇಲ್ಲ. ದೇವಿಮನೆ, ಅರಬೈಲ್ ಘಟ್ಟ ಇಳಿಸುವ ಚಾಲಕರಿಗೂ ಇಲ್ಲ, ಕೊಯ್ಲಿನಲ್ಲಿ ಮರ ಹತ್ತುವ ಕೊನೆಗೌಡರಿಗೂ ಇಲ್ಲ. ಗೊರಕೆ ನಡುವೆ ಉಸಿರು ನಿಲ್ಲುತ್ತದಾ ಎಂದು ಹೆಂಡತಿಯನ್ನೋ ಗಂಡನನ್ನೋ ಕೇಳುತ್ತೇನೆ, ಹೌದಾದರೆ ಮೊದಲು ಹುಬ್ಬಳ್ಳಿಗೋ ಮಂಗಳೂರಿಗೋ ನಿದ್ರಾ ಪರೀಕ್ಷೆಗೆ. ಆಲ್‌ಪ್ರಾಜೋಲಾಂ, ಕ್ಲೋನಾಜೆಪಾಂನಂಥ ಆತಂಕದ, ನಿದ್ರೆಯ ಮಾತ್ರೆ ತಿನ್ನುವವರು ಅದನ್ನು ತಾವಾಗಿ ನಿಲ್ಲಿಸುವ ಹಾಗಿಲ್ಲ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಇಳಿಸುವುದು ಬರೆದುಕೊಟ್ಟ ವೈದ್ಯರ ಕೆಲಸ, ನಾನು ವಾರದ ಸಂಖ್ಯೆಗಳನ್ನು ಅವರಿಗೆ ಕಳಿಸುತ್ತೇನೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆಗೆ, ಸಾಯುವ ಯೋಚನೆ ಬರುತ್ತದಾ ಎಂಬುದಕ್ಕೆ, ಸೊನ್ನೆ ಅಲ್ಲದ ಉತ್ತರ ಬಂದರೆ ಆ ದಿನದ ಉಳಿದ ಕೆಲಸವೆಲ್ಲ ಬದಿಗೆ. ಮನೆಯ ಇನ್ನೊಬ್ಬರ ನಂಬರು, ಹತ್ತಿರದ ತಾಲೂಕು ಆಸ್ಪತ್ರೆ ಯಾವುದು, ಇವೆರಡನ್ನೂ ಮೊದಲ ಕರೆಯಲ್ಲೇ ಬರೆದಿಟ್ಟುಕೊಂಡಿರುತ್ತೇನೆ. ರಾತ್ರಿ ನಾನು ಸಿಗುವುದಿಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಿಗುತ್ತದೆ ಎಂದು ಬಾಯಿಪಾಠ ಮಾಡಿಸುತ್ತೇನೆ.

ದುಡ್ಡು. ಶುರುವಿನಲ್ಲಿ ಕರೆಗೆ 400ರಂತೆ ಇಟ್ಟೆ. ಸ್ವಲ್ಪ ಆರಾಮಾದವರೂ ನಿಲ್ಲಿಸಿದರು, ಆರಾಮಾಗದವರೂ ನಿಲ್ಲಿಸಿದರು. ಈಗ ಆರು ವಾರಕ್ಕೆ 2,500, ಮುಂಗಡ. 42 ದಿನದಲ್ಲಿ 35 ದಿನ ಐದು ಸಂಖ್ಯೆ ಕಳಿಸಿದವರಿಗೆ 300 ವಾಪಸು. ಆ ಮುನ್ನೂರಕ್ಕಾಗಿ ಒಂದು ದಿನವೂ ತಪ್ಪಿಸದ ಜಮೀನುದಾರರಿದ್ದಾರೆ! ಒಬ್ಬರಿಗೆ ಮೊದಲ ಕರೆ 50 ನಿಮಿಷ, ಆಮೇಲೆ 25ರ ಐದು, ಸಣ್ಣ ಕರೆ, ಸಂದೇಶ ಕೇಳುವುದು ಎಲ್ಲ ಸೇರಿ ನಾಲ್ಕು ತಾಸು ಹಿಡಿಯುತ್ತದೆ. ತಾಸಿಗೆ ಐನೂರು ಆರುನೂರು ಬಿತ್ತು. ಖರ್ಚು ಇನ್‌ವರ್ಟರ್ ಬ್ಯಾಟರಿ ಸೇರಿ 22 ಸಾವಿರದ ಹತ್ತಿರ, ರೌಟರಿಗೆ ಪುಟ್ಟ ಯುಪಿಎಸ್ ಸಾವಿರದೈನೂರು, ತಂತಿಯ ಹೆಡ್‌ಸೆಟ್ ಒಂಬೈನೂರು, ಬೇರೆ ಕಂಪನಿಯ ಎರಡನೇ ಸಿಮ್ಮು. ಬ್ಲೂಟೂತ್‌ಗೆ ಎರಡು ಸಲ ದುಡ್ಡು ಹಾಕಿ ಎರಡು ಸಲವೂ ಕೈಸುಟ್ಟುಕೊಂಡೆ. ಅಳುವವರ ಮಾತಿನ ನಡುವೆ ಚಾರ್ಜು ಮುಗಿದರೆ ಆ ರೋಗಿ ಮತ್ತೆ ಬರುವುದಿಲ್ಲ. ಮಧ್ಯೆ ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದ್ದೆ, ಅದರ ಕನ್ನಡ ಓದಿ ರೋಗಿಗಳೇ ನಕ್ಕರು. ಆ ಆರು ಸಾವಿರ ನೀರಿಗೆ.

ಇಲ್ಲಿಯವರೆಗೆ ಅರವತ್ತು ಚಿಲ್ಲರೆ ಜನ, ಪೂರ್ತಿ ಮುಗಿಸಿದವರು ನಲವತ್ತರ ಹತ್ತಿರ. ನಿದ್ರೆಯ ತೊಂದರೆ ಎಷ್ಟೆಂದು ಅಳೆಯುವ ಐಎಸ್‌ಐ ಪ್ರಶ್ನಾವಳಿಯ ಅಂಕ ಹದಿನೆಂಟು ಇಪ್ಪತ್ತರಲ್ಲಿ ಬಂದವರು ಹೆಚ್ಚಾಗಿ ಒಂಬತ್ತು ಹತ್ತಕ್ಕೆ ಇಳಿದು ಹೋಗುತ್ತಾರೆ. ಏಳರೊಳಗೆ, ಅಂದರೆ ತೊಂದರೆ ಇಲ್ಲ ಎನ್ನುವ ಮಟ್ಟಕ್ಕೆ, ಬಂದವರು ಕಾಲು ಭಾಗ ಇರಬಹುದು.

ಗಾಬರಿಯ ದಾಳಿಗೆ (ಪ್ಯಾನಿಕ್ ಅಟ್ಯಾಕ್) ಫೋನು ಸಾಲದು ಎಂದುಕೊಂಡಿದ್ದೆ, ಸಾಕಾಯಿತು. ಇಸಿಜಿ ಸರಿ ಇದೆ, ಉಬ್ಬಸ ಇಲ್ಲ, ಬಸುರಿ ಅಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, ದಾಳಿಯಲ್ಲಿ ಆಗುವಂಥದ್ದನ್ನೇ ಬೇಕೆಂದು ತರಿಸಲು, ನಿಂತಲ್ಲೇ ಒಂದು ನಿಮಿಷ ಓಡಿಸುತ್ತೇನೆ, ತೆಳು ಸ್ಟ್ರಾದಲ್ಲಿ ಉಸಿರಾಡಿಸುತ್ತೇನೆ. ಎದೆ ಹೊಡೆದುಕೊಳ್ಳುತ್ತದೆ, ಅದು ತಾನಾಗಿ ಇಳಿಯುವುದನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ. ವಿಡಿಯೊದಲ್ಲಿ ನನ್ನ ಮುಖ ನೋಡಿ ಧೈರ್ಯ ತಂದುಕೊಳ್ಳುತ್ತಿದ್ದರು, ಆ ಆಸರೆ ತಪ್ಪಿದ್ದು ಒಳ್ಳೆಯದೇ ಆಯಿತು. ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಸಿ ನಾಡಿ ನೋಡಿಸುವ ಪ್ರಯೋಗವನ್ನೂ ಮಾಡಿದೆ. ದಿನಕ್ಕೆ ನೂರು ಸಲ ನಾಡಿ ನೋಡುವ ಹೊಸ ರೋಗ ಹತ್ತಿಸಿದೆ ಅಷ್ಟೆ.

ನೋವಿನ ಕೆಲಸ ನಿಧಾನ. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಫೋನು ಇಟ್ಟು ಆಸ್ಪತ್ರೆಗೆ ಓಡಿಸಬೇಕು. ಉಳಿದವರದು ಒಂದೇ ಕತೆ: ಆರಾಮಿದ್ದ ದಿನ ನಾಲ್ಕು ಡಬ್ಬ ಅಡಿಕೆ ಸುಲಿದು ಮೂರು ದಿನ ಮಲಗುವುದು. ಒಳ್ಳೆಯ ದಿನ ಎಷ್ಟು ಹೊತ್ತು ಕೂತರು, ಕೆಟ್ಟ ದಿನ ಎಷ್ಟು, ಬರೆಸುತ್ತೇನೆ. 40, 20, 15 ನಿಮಿಷ ಎಂದರೆ ಸರಾಸರಿ 25, ಅದರಲ್ಲಿ ಐದರಲ್ಲೊಂದು ಪಾಲು ಕಳೆದು 20. ಇಪ್ಪತ್ತು ನಿಮಿಷಕ್ಕೆ ಅಲಾರಾಂ, ನೋವಿರಲಿ ಇಲ್ಲದಿರಲಿ ಎದ್ದು ಅಂಗಳಕ್ಕೊಂದು ಸುತ್ತು. ವಾರಕ್ಕೆ ಎರಡು ನಿಮಿಷ ಹೆಚ್ಚಿಗೆ. ಡಬ್ಬದ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ಇದು ಒಗ್ಗುವುದಿಲ್ಲ, ಎದ್ದಷ್ಟು ಹೊತ್ತು ಕೂಲಿ ಕಡಿಮೆ. ಅವರಿಗೆ ಕಾಲು ಡಬ್ಬಕ್ಕೊಮ್ಮೆ ಏಳಿ ಎಂದೆ. ಅದು ನಡೆಯಿತು.

ಈಗ ಕೈಯಲ್ಲಿರುವುದು ಯಕ್ಷಗಾನ ಮೇಳದ ಇಬ್ಬರು. ತಿರುಗಾಟದಲ್ಲಿ ರಾತ್ರಿಯೇ ಅವರ ದುಡಿಮೆ. ಬೆಳಿಗ್ಗೆ ಏಳರಿಂದ ಒಂದರವರೆಗೆ ಹೊತ್ತು ಕೊಟ್ಟರೂ ಎರಡು ವಾರ ಶೇ. 60 ದಾಟಲಿಲ್ಲ. ಧ್ವನಿ ಸಂದೇಶದಿಂದ ತಿಳಿಯದ್ದು ಒಂದು ಫೋಟೊದಲ್ಲಿ ತಿಳಿಯಿತು: ಹಂಚಿನ ಮಾಡಿನಲ್ಲಿ ಬೆಳಕಿಗೆಂದು ಹಾಕಿದ ಗಾಜಿನ ಹಂಚು ಸರಿಯಾಗಿ ಹಾಸಿಗೆಯ ಮೇಲೆಯೇ ಇದೆ. ಒಳಗಿಂದ ಗೋಣಿಚೀಲ ಎರಡು ಮಡಿಕೆ ಕಟ್ಟಿಸಿದ್ದೇನೆ. ಮೊದಲ ನಾಲ್ಕು ದಿನದ ಸಂಖ್ಯೆ ಬಂದಿದೆ, 71, 68, 74, 77.