ನಿಲ್ ಎಂದು ಬರೆದ ದಿನಗಳು

ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ನಮ್ಮ ಕಡೆ ರೈಟರ್ ಅಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ ಹಾಕುವವನು, ಕೊಯ್ದ ಹಣ್ಣಿನ ತೂಕ ಬರೆದುಕೊಳ್ಳುವವನು, ಬಟವಾಡೆ ದಿನ ಲೆಕ್ಕ ಮಾಡುವವನು. ಕಥೆಯನ್ನೂ ಬರೆಯುತ್ತೇನೆ ಅಂತ ಗೊತ್ತಾದ ಮೇಲೆ ಆಳುಗಳು ಇರುವ ಲೈನ್ ಮನೆಯ ಹುಡುಗರು ‘ಡಬಲ್ ರೈಟ್ರು’ ಅಂತ ಕರೆಯತೊಡಗಿದರು. ಅವರು ಹಾಗೆ ಕರೆದ ಎರಡು ವರ್ಷದಲ್ಲಿ ನಾನು ಒಂದೂ ಕಥೆ ಮುಗಿಸಿರಲಿಲ್ಲ.

ಮೊದಲ ಕಥೆ ಒಂದು ಪತ್ರಿಕೆಯಲ್ಲಿ ಬಂದಿತ್ತು. ನಾಲ್ಕು ಜನ ಹೊಗಳಿದರು. ಕೆಟ್ಟಿದ್ದೇ ಅಲ್ಲಿ. ಆಮೇಲೆ ಒಂದು ಸಾಲು ಬರೆದರೆ ಆ ನಾಲ್ವರೂ ಬೆನ್ನ ಹಿಂದೆ ನಿಂತು ಓದಿದ ಹಾಗೆ ಆಗುತ್ತಿತ್ತು. ಮಲೆನಾಡಿನವನು ಅಂದಮೇಲೆ ಮಳೆ, ಜಿಗಣೆ, ಕಾಡುಹಂದಿ ಇಲ್ಲದಿದ್ದರೆ ಹೇಗೆ ಅಂತ ಮೊದಲ ಪುಟಕ್ಕೆಲ್ಲ ಅವನ್ನೇ ತುಂಬುತ್ತಿದ್ದೆ. ಎರಡನೇ ಪುಟಕ್ಕೆ ಮನುಷ್ಯರು ಬರಬೇಕಲ್ವಾ? ಬರುತ್ತಿರಲಿಲ್ಲ.

ಎಲ್ಲರೂ ಮಾಡುವ ಔಷಧಿಗಳನ್ನು ನಾನೂ ಮಾಡಿದೆ. ನಸುಕಿನಲ್ಲಿ ಎದ್ದೆ. ದುಬಾರಿ ಪೆನ್ನು ಕೊಂಡೆ. ಒಂದು ಭಾನುವಾರ ನೋಟ್‌ಬುಕ್ ಹಿಡಿದು ಮುಳ್ಳಯ್ಯನಗಿರಿ ಹತ್ತಿದೆ. ಕರ್ನಾಟಕದಲ್ಲೇ ಎತ್ತರದ ಜಾಗ, ಅಲ್ಲಾದರೂ ಏನಾದರೂ ಹೊಳೆಯಬಹುದು ಅಂತ. ಗಾಳಿಗೆ ಹಾಳೆ ನಿಲ್ಲಲಿಲ್ಲ. ಚುರುಮುರಿ ತಿಂದು ಇಳಿದು ಬಂದೆ.

2025ರ ಮೇನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹಾಸನದ ನಮ್ಮ ಭಾವ ಫೋನ್ ಮಾಡಿದರು. “ನಮ್ಮೂರಿಗೇ ಬಂತಲ್ಲಪ್ಪ, ನಿಂದೇನು ಕಥೆ?” ಅಂದರು. ಭಾವನವರು ಕಥೆ ಓದುವವರಲ್ಲ, ಸುಮ್ನೆ ಕಾಲೆಳೆಯೋದು. ನಾನು ನಗಾಡಿ ಫೋನ್ ಇಟ್ಟೆ. ಆದರೆ ಬಹುಮಾನ ಬಂದ ಆ ಪುಸ್ತಕದ 12 ಕಥೆಗಳು 1990ರಿಂದ 2023ರ ನಡುವೆ ಬರೆದವು ಅಂತ ಪೇಪರಿನಲ್ಲಿ ಓದಿದಾಗ ಸ್ವಲ್ಪ ಉಸಿರು ಬಂತು. ನನ್ನದು ಬರೀ ಎರಡು ವರ್ಷ ತಾನೇ.

ದಾರಿ ಸಿಕ್ಕಿದ್ದು ಮಳೆ ಪುಸ್ತಕದಿಂದ. ತೋಟದಲ್ಲಿ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತೇನೆ. ಇಂಚು, ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಮಳೆ ಬರದ ದಿನವೂ ಜಾಗ ಖಾಲಿ ಬಿಡುವ ಹಾಗಿಲ್ಲ, ‘ನಿಲ್’ ಅಂತ ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ರೈಟರ್ ನೋಡಲಿಲ್ಲವೋ ಗೊತ್ತಾಗಲ್ಲ. ಕಾಫಿ ಹೂವನ್ನು ಅರಳಿಸುವ ಹೂಮಳೆ ಯಾವತ್ತು ಬಿತ್ತು, ಅದಾದ ಮೇಲೆ ಎಷ್ಟು ದಿನ ಒಣಗಿತ್ತು ಅನ್ನೋದರ ಮೇಲೆ ಮುಂದಿನ ಫಸಲಿನ ಅಂದಾಜು ನಿಂತಿರುತ್ತದೆ. ಹಾಗಾಗಿ ನಮ್ಮ ಸಾಹುಕಾರರು ಮಳೆಗಿಂತ ನಿಲ್‌ಗಳನ್ನೇ ಬೆರಳಿಟ್ಟು ಎಣಿಸುತ್ತಾರೆ.

ಕಥೆಗೂ ಅಂಥದ್ದೊಂದು ಪುಸ್ತಕ ಇಟ್ಟೆ. ಬರೆದ ದಿನ ಎಷ್ಟು ಸಾಲು ಅಂತ. ಬರೆಯದ ದಿನ ನಿಲ್, ಪಕ್ಕದಲ್ಲಿ ಕಾರಣ. ಶುರುವಿನಲ್ಲಿ ಕಾರಣಗಳೆಲ್ಲ ಸುಳ್ಳು. ‘ಕೆಲಸ ಜಾಸ್ತಿ’, ‘ಕರೆಂಟ್ ಇಲ್ಲ’, ‘ತಲೆನೋವು’. ಕೊಯ್ಲು ಮುಗಿದು ಕೈ ಖಾಲಿ ಇದ್ದಾಗಲೂ ‘ಕೆಲಸ ಜಾಸ್ತಿ’ ಅಂತ ಬರೆದಿದ್ದೇನೆ! ಒಂದು ತಿಂಗಳಾದ ಮೇಲೆ ನನಗೇ ನಾಚಿಕೆಯಾಗಿ ಕಾರಣಗಳು ಬದಲಾದವು. ‘ಸಾಹುಕಾರರ ಊಟದ ಮನೆ ಹೇಗಿರುತ್ತೋ ಗೊತ್ತಿಲ್ಲ.’ ‘ಈ ಹೆಂಗಸು ಈಗ ಏನು ಹೇಳುತ್ತಾಳೋ ಗೊತ್ತಿಲ್ಲ.’ ‘ಇವನು ಇಲ್ಲಿ ಕೆಟ್ಟ ಕೆಲಸ ಮಾಡಬೇಕು, ನನಗೆ ಮನಸ್ಸಿಲ್ಲ.’

ನಾಲ್ಕು ತಿಂಗಳ ನಿಲ್‌ಗಳನ್ನು ಒಟ್ಟಿಗೆ ಓದಿದಾಗ ರೋಗ ಕಂಡಿತು. ಬರವಣಿಗೆ ನಿಲ್ಲುತ್ತಿದ್ದದ್ದು ಎಲ್ಲೆಂದರಲ್ಲಿ ಅಲ್ಲ. ಮೂರೇ ಜಾಗದಲ್ಲಿ.

ಮೊದಲನೆಯದಕ್ಕೆ ಉಪಾಯ ಸುಲಭ. ಇಷ್ಟು ವರ್ಷದಲ್ಲಿ ನಾನು ಸಾಹುಕಾರರ ಮನೆಯ ಜಗಲಿ ದಾಟಿ ಒಳಗೆ ಹೋದವನಲ್ಲ. ಸರಿ, ಕಥೆಯೂ ಜಗಲಿಯಲ್ಲೇ ನಿಲ್ಲಲಿ ಅಂದುಕೊಂಡೆ. ಒಳಗಿನಿಂದ ತಟ್ಟೆಯ ಸದ್ದು ಕೇಳಿದರೆ ಸಾಕು. ನಿಜ ಹೇಳಬೇಕೆಂದರೆ ಆ ಸದ್ದೇ ಊಟದ ಮನೆಗಿಂತ ಜಾಸ್ತಿ ಹೇಳಿತು.

ಎರಡನೆಯದು, ಪಾತ್ರಗಳ ಮಾತಿನ ಕಾಯಿಲೆ. ಅದನ್ನು ಪತ್ತೆ ಹಚ್ಚಿದವಳು ನನ್ನ ಹೆಂಡತಿ. ಒಂದು ಪುಟ ಗಟ್ಟಿಯಾಗಿ ಓದಿದೆ. ಅವಳು ಅವರೆಕಾಯಿ ಸುಲಿಯುತ್ತಾ, “ಹಣ್ಣು ಕೊಯ್ಯೋಳು ‘ನನ್ನ ಬದುಕೇ ಬರಡಾಯಿತು’ ಅಂತಾಳೇನ್ರೀ?” ಅಂದಳು. ಅವತ್ತಿನಿಂದ ತೂಕದ ಹೊತ್ತಲ್ಲಿ, ಮೂಡಿಗೆರೆ ಬಸ್ಸಲ್ಲಿ ಕಿವಿಗೆ ಬಿದ್ದ ಮಾತನ್ನು ಹಾಗೇ ಬರೆದುಕೊಳ್ಳುತ್ತೇನೆ. ಜನ ಕೇಳಿದ್ದಕ್ಕೆ ಉತ್ತರ ಕೊಡೋದೇ ಕಮ್ಮಿ. “ಮಗಳು ಹೇಗಿದ್ದಾಳೆ?” ಅಂದರೆ “ಬಸ್ ಇನ್ನೂ ಬಂದಿಲ್ಲ ನೋಡಿ” ಅನ್ನುತ್ತಾರೆ. ನನ್ನ ಪಾತ್ರಗಳು ಮಾತ್ರ ಶಾಲೆ ಮಕ್ಕಳ ಹಾಗೆ ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ ಹೇಳುತ್ತಿದ್ದವು.

ಮೂರನೆಯದು ಕಷ್ಟದ್ದು. ನನ್ನ ಕಥೆಗಳಲ್ಲಿ ರೈಟರ್ ಇದ್ದರೆ ಅವನು ಯಾವಾಗಲೂ ಒಳ್ಳೆಯವನು. ಅವನು ತಪ್ಪು ಮಾಡಬೇಕಾದ ಜಾಗ ಬಂತೋ, ನಿಲ್. ಯಾಕೆ ಅಂತ ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸಿಗೆ ಒಂದು ದಿನದ ಹಾಜರಿ ಹಾಕುವುದು ಮರೆತಿದ್ದೆ. ಬಟವಾಡೆಯಲ್ಲಿ ಅವಳು ದುಡ್ಡು ಎಣಿಸಿದಳು, ನನ್ನ ಮುಖ ನೋಡಿದಳು, ಹೆಬ್ಬೆಟ್ಟು ಒತ್ತಿ ಹೋದಳು. ಆಗಲೇ ನನಗೆ ನೆನಪಾಯಿತು. ಸಾಲಿನಲ್ಲಿ ಇನ್ನೂ ಜನ ನಿಂತಿದ್ದರು, ಸಾಹುಕಾರರು ಪಕ್ಕದಲ್ಲೇ ಕೂತಿದ್ದರು. ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಅದನ್ನೇ ಬರೆಯಲು ಕೂತೆ. ಮಳೆ ಇಲ್ಲ, ಜಿಗಣೆ ಇಲ್ಲ. ಹಾಜರಿ ಪುಸ್ತಕದಿಂದಲೇ ಶುರು. ಒಂಬತ್ತು ಸಂಜೆಯಲ್ಲಿ ಮುಗಿಯಿತು, ನಡುವೆ ಎರಡೇ ನಿಲ್. ಕೊನೆಯಲ್ಲಿ ರೈಟರ್ ರಾತ್ರಿ ಟಾರ್ಚ್ ಹಿಡಿದು ಲೈನ್ ಮನೆಗೆ ಹೋಗಿ ಆ ದುಡ್ಡು ಕೊಟ್ಟು ಬರುತ್ತಾನೆ. ಚೆನ್ನಾಗಿ ಬಂದಿದೆ ಅನ್ನಿಸಿತು.

ಹೆಂಡತಿಗೆ ಓದಿದೆ. ಅವಳು ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದಳು.

“ನಿಜವಾಗ್ಲೂ ಕೊಟ್ಟು ಬಂದ್ರಾ?”

ಇಲ್ಲ ಅಂದೆ. ನಾನು ಮನಸ್ಸು ಮಾಡುವಷ್ಟರಲ್ಲಿ ಕೊಯ್ಲು ಮುಗಿದಿತ್ತು, ಅವಳು ಊರಿಗೆ ಹೋಗಿಯಾಗಿತ್ತು.

ಪೆನ್ನು ತಗೊಂಡು ಟಾರ್ಚಿನ ಪ್ಯಾರಾ ಹೊಡೆದು ಹಾಕಿದೆ. ಕಥೆ ಈಗ ಹೆಬ್ಬೆಟ್ಟಿಗೇ ನಿಲ್ಲುತ್ತದೆ.