ಕರೆಂಟು ಹೋಗಿ ಬಂದರೂ ಪ್ರಿಂಟರ್ ಕಾಣೆಯಾಗದಿರಲು

ಜುಲೈ ಕೊನೆಯ ವಾರ ಬಂತೆಂದರೆ ಆಡಿಟರ್ ಕಚೇರಿಗಳಲ್ಲಿ ಊಟಕ್ಕೆ ಹೊತ್ತು ಗೊತ್ತಿರುವುದಿಲ್ಲ. ದಾವಣಗೆರೆಯಲ್ಲಿ ನನ್ನ ಭಾವನ ಕಚೇರಿಯಲ್ಲಿ ಅಂಥದೇ ಒಂದು ಮಧ್ಯಾಹ್ನ ಹತ್ತು ನಿಮಿಷ ಕರೆಂಟು ಹೋಗಿ ಬಂತು. ಎದುರಿಗೆ ಕುಳಿತಿದ್ದವರಿಗೆ ರಿಟರ್ನ್ಸ್ ಸಲ್ಲಿಸಿದ ಸ್ವೀಕೃತಿ ಪತ್ರದ ಒಂದೇ ಒಂದು ಪ್ರತಿ ಬೇಕಿತ್ತು. ಭಾವ ಪ್ರಿಂಟ್ ಒತ್ತಿದರು, ಹಾಳೆ ಬರಲಿಲ್ಲ. ಮತ್ತೆ ಒತ್ತಿದರು. ಸಿಟ್ಟಿನಲ್ಲಿ ಇನ್ನಷ್ಟು ಸಲ ಒತ್ತಿದರು. ಸಂಜೆ ನಾನು ಹೋಗಿ ಸರಿಪಡಿಸಿದ ಕೂಡಲೇ ಆ ಯಂತ್ರ ಒಂದರ ಹಿಂದೆ ಒಂದು ಹನ್ನೊಂದು ಸ್ವೀಕೃತಿ ಪತ್ರಗಳನ್ನು ಹೊರಹಾಕಿತು.

ಅಂದರೆ ಒತ್ತಿದ್ದು ಯಾವುದೂ ಕಳೆದುಹೋಗಿರಲಿಲ್ಲ, ಎಲ್ಲವೂ ಸರದಿಯಲ್ಲಿ ಕಾಯುತ್ತಿದ್ದವು. ಪ್ರಿಂಟ್ ಕ್ಯೂ ಎನ್ನುವುದು ಇದನ್ನೇ. ನಾವು ‘ಪ್ರಿಂಟರ್ ಸೇರಿಸುವುದು’ ಎನ್ನುತ್ತೇವಲ್ಲ, ಆಗ ನಿಜಕ್ಕೂ ಸೇರಿಸುವುದು ಯಂತ್ರವನ್ನಲ್ಲ, ಕಂಪ್ಯೂಟರಿನ ಒಳಗೆ ಅಂಥದೊಂದು ಸರದಿಯನ್ನು. ಅದಕ್ಕೆ ಮೂರು ವಿಷಯ ಗೊತ್ತಿರಬೇಕು: ತನ್ನ ಹೆಸರು, ಹಾಳೆ ಮುದ್ರಿಸುವ ಯಂತ್ರದ ವಿಳಾಸ, ಆ ಯಂತ್ರಕ್ಕೆ ಅರ್ಥವಾಗುವ ಭಾಷೆ. ಹತ್ತರಲ್ಲಿ ಎಂಟು ಸಲ ಕೆಡುವುದು ವಿಳಾಸ ಎಂಬುದು ನನ್ನ ಅನುಭವ. ಜನ ಮಾತ್ರ ಆ ಭಾಷೆ ಕಲಿಸುವ ಡ್ರೈವರ್ ಎಂಬ ತಂತ್ರಾಂಶ ಅಳಿಸಿ ಮತ್ತೆ ಹಾಕುತ್ತಾ ಕೂರುತ್ತಾರೆ.

ಭಾವನ ಕಚೇರಿಯಲ್ಲಿ ಇದ್ದದ್ದು ಒಂದು ಲೇಸರ್ ಪ್ರಿಂಟರ್, ಎರಡು ವಿಂಡೋಸ್ ಲ್ಯಾಪ್‌ಟಾಪ್, ವಿಂಡೋಸ್ ಬದಲು ಉಬುಂಟು ಹಾಕಿಸಿದ ಒಂದು ಹಳೆಯ ಕಂಪ್ಯೂಟರ್, ರಜೆಗೆ ಬಂದಿದ್ದ ಅಕ್ಕನ ಮಗಳ ಮ್ಯಾಕ್. ತಮಾಷೆಯೆಂದರೆ ಅಂದು ವಿಂಡೋಸ್ ಎರಡೂ ಕೈಕೊಟ್ಟಿದ್ದವು. ‘ಮಾಮ, ನನ್ನದರಲ್ಲಿ ಬರುತ್ತಿದೆ ನೋಡಿ’ ಎಂದು ಅವಳು ಹೆಮ್ಮೆಯಿಂದ ಒಂದು ಹಾಳೆ ತೆಗೆದು ತೋರಿಸಿದಳು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ವಿಳಾಸ ಗಟ್ಟಿಮಾಡಿಕೊಳ್ಳಿ

ಮನೆಗೆ, ಕಚೇರಿಗೆ ಇಂಟರ್‌ನೆಟ್ ತರುವ ರೂಟರ್ ತನಗೆ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ಒಂದು ಐಪಿ ವಿಳಾಸ ಹಂಚುತ್ತದೆ. ಇದು ಖಾಯಂ ವಿಳಾಸವಲ್ಲ, ಬಾಡಿಗೆ ಮನೆಯಿದ್ದ ಹಾಗೆ. ಕರೆಂಟು ಹೋಗಿ ಬಂದಾಗ ರೂಟರ್ ಹೊಸದಾಗಿ ಹಂಚಲು ತೊಡಗುತ್ತದೆ. ನಿನ್ನೆ ಪ್ರಿಂಟರಿಗೆ ಇದ್ದ ವಿಳಾಸ ಇವತ್ತು ಯಾರದೋ ಮೊಬೈಲಿಗೆ ಹೋಗಿರಬಹುದು. ವಿಂಡೋಸಿನ ಕ್ಯೂ ಪಾಪ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಹಾಗಾಗಿ ಕಂಪ್ಯೂಟರುಗಳನ್ನು ಮುಟ್ಟುವ ಮೊದಲು ಪ್ರಿಂಟರಿನಿಂದಲೇ ಅದರ ನೆಟ್‌ವರ್ಕ್ ವಿವರದ ಹಾಳೆ ತೆಗೆಯಿರಿ. ಪರದೆಯಿರುವ ಪ್ರಿಂಟರುಗಳಲ್ಲಿ ಇದು ನೆಟ್‌ವರ್ಕ್ ಮೆನುವಿನಲ್ಲಿ ಇರುತ್ತದೆ. ಪರದೆಯಿಲ್ಲದ ಅನೇಕ ಮಾದರಿಗಳಲ್ಲಿ ವೈಫೈ ಗುಂಡಿಯನ್ನೋ ಮಾಹಿತಿ ಗುಂಡಿಯನ್ನೋ ಕೆಲವು ಸೆಕೆಂಡು ಒತ್ತಿ ಹಿಡಿದರೆ ಬರುತ್ತದೆ. ಆ ಹಾಳೆಯಲ್ಲಿ ಎರಡು ಸಾಲುಗಳಿಗೆ ಪೆನ್ನಿನಿಂದ ಗೆರೆ ಎಳೆಯಿರಿ: ಐಪಿ ವಿಳಾಸ ಮತ್ತು ಮ್ಯಾಕ್ ವಿಳಾಸ. ಈ ಮ್ಯಾಕ್‌ಗೂ ಆಪಲ್ ಕಂಪನಿಯ ಮ್ಯಾಕ್‌ಗೂ ಸಂಬಂಧವಿಲ್ಲ. ಇದು ತಯಾರಿಕೆಯ ಹಂತದಲ್ಲೇ ಯಂತ್ರಕ್ಕೆ ಕೊಟ್ಟ, ಎರಡೆರಡು ಅಕ್ಷರಗಳ ಆರು ಜೋಡಿಯ ಗುರುತು.

ಈಗ ಬ್ರೌಸರಿನಲ್ಲಿ ರೂಟರಿನ ಪುಟ ತೆರೆಯಿರಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಸರಿಯಾದ ಸಂಖ್ಯೆಯೂ ಪಾಸ್‌ವರ್ಡೂ ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಇರುತ್ತವೆ. ಒಳಗೆ ಡಿಎಚ್‌ಸಿಪಿ ಎಂಬ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ. ಅಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸ ಬರೆದು, ಅದಕ್ಕೆಂದೇ ಒಂದು ಐಪಿ ಕಾದಿರಿಸಿ. ನಾನು 192.168.1.50 ಕೊಟ್ಟೆ. ಮುಂದೆ ಈ ಸಂಖ್ಯೆ ಬಂದಲ್ಲೆಲ್ಲ ನೀವು ಕಾದಿರಿಸಿದ್ದನ್ನು ಬರೆಯಿರಿ. ಪ್ರಿಂಟರಿನ ಮೆನುವಿನಲ್ಲೇ ವಿಳಾಸವನ್ನು ಗಟ್ಟಿಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು, ಆದರೆ ಅದು ರೂಟರಿಗೆ ಗೊತ್ತಾಗದೆ ಅದೇ ವಿಳಾಸವನ್ನು ಇನ್ನೊಬ್ಬರಿಗೂ ಕೊಟ್ಟುಬಿಟ್ಟರೆ ಜಗಳ ಹತ್ತುತ್ತದೆ. ಹಂಚುವವನ ಕೈಯಲ್ಲೇ ಬರೆಸುವುದು ಕ್ಷೇಮ.

ಪ್ರಿಂಟರನ್ನು ಆರಿಸಿ ಹಚ್ಚಿ, ಆ ಹೊಸ ವಿಳಾಸವನ್ನು ಬ್ರೌಸರಿನಲ್ಲಿ ಬರೆಯಿರಿ. ಪ್ರಿಂಟರಿನದೇ ಪುಟ ತೆರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ತೆರೆಯದಿದ್ದರೆ ಕಂಪ್ಯೂಟರ್ ಮತ್ತು ಪ್ರಿಂಟರ್ ಒಂದೇ ಜಾಲದಲ್ಲಿ ಇಲ್ಲದಿರಬಹುದು. ಅನೇಕ ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. 5 ಗಿಗಾಹರ್ಟ್ಸಿನದು ಅವುಗಳ ಕಣ್ಣಿಗೇ ಬೀಳುವುದಿಲ್ಲ. ಅತಿಥಿಗಳಿಗೆಂದು ಬೇರೆ ಮಾಡಿಟ್ಟ ವೈಫೈನಿಂದಲೂ ಪ್ರಿಂಟರ್ ಕಾಣಿಸದು, ಅದನ್ನು ಬೇರ್ಪಡಿಸುವುದೇ ಅದಕ್ಕಾಗಿ. ಕೇಬಲ್ ಹಾಕುವ ಕಿಂಡಿ ಇದ್ದರೆ ಎರಡನೆಯ ಯೋಚನೆ ಬೇಡ, ಕೇಬಲ್ಲೇ ಹಾಕಿ.

ವಿಂಡೋಸ್

ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ತೆರೆದು ‘ಆಡ್ ಡಿವೈಸ್’ ಒತ್ತಿದರೆ ವಿಂಡೋಸ್ ತಾನೇ ಹುಡುಕಿ ಪ್ರಿಂಟರಿನ ಹೆಸರು ತೋರಿಸುತ್ತದೆ. ಆಸೆಗೆ ಬಿದ್ದು ಅದನ್ನು ಒತ್ತಬೇಡಿ. ಹಾಗೆ ಸೇರಿಸಿದ ಪ್ರಿಂಟರ್ ಹಲವು ಸಲ ‘ಡಬ್ಲ್ಯುಎಸ್‌ಡಿ’ ಎಂಬ ಪೋರ್ಟಿಗೆ (ಕ್ಯೂ ಯಂತ್ರವನ್ನು ತಲುಪುವ ದಾರಿಗೆ) ಅಂಟಿಕೊಳ್ಳುತ್ತದೆ, ಯಂತ್ರ ಎದುರಿಗೇ ಉರಿಯುತ್ತಿದ್ದರೂ ‘ಆಫ್‌ಲೈನ್’ ಎನ್ನತೊಡಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ಬರುವ ‘ಆಡ್ ಮ್ಯಾನ್ಯುಯಲಿ’ ಆರಿಸಿ, ಐಪಿ ವಿಳಾಸದಿಂದ ಸೇರಿಸುವ ಆಯ್ಕೆಗೆ ಗುರುತು ಹಾಕಿ. ಸಾಧನದ ಬಗೆ ಕೇಳಿದಾಗ ‘ಟಿಸಿಪಿ/ಐಪಿ ಡಿವೈಸ್’, ವಿಳಾಸದಲ್ಲಿ 192.168.1.50. ತಯಾರಕರ ಡ್ರೈವರನ್ನು ಮೊದಲೇ ಇಳಿಸಿಕೊಂಡಿದ್ದರೆ ಪಟ್ಟಿಯಲ್ಲಿ ಮಾದರಿಯ ಹೆಸರು ಸಿಗುತ್ತದೆ.

ಅಲ್ಲಿಗೆ ನಿಲ್ಲಬೇಡಿ. ‘ಪ್ರಿಂಟರ್ ಪ್ರಾಪರ್ಟೀಸ್’ನ ‘ಪೋರ್ಟ್ಸ್’ಗೆ ಹೋಗಿ ‘ಕಾನ್ಫಿಗರ್ ಪೋರ್ಟ್’ ಒತ್ತಿ. ಅಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬಲ್ಲಿ ಗುರುತು ಇರುತ್ತದೆ. ವಿಂಡೋಸ್ ಈ ದಾರಿಯಲ್ಲಿ ಪ್ರಿಂಟರನ್ನು ಕುಶಲ ವಿಚಾರಿಸುತ್ತದೆ. ಉತ್ತರ ಬರದಿದ್ದರೆ ಯಂತ್ರ ಸತ್ತಿದೆಯೆಂದು ತೀರ್ಮಾನಿಸುತ್ತದೆ. ಸುಳ್ಳು ‘ಆಫ್‌ಲೈನ್’ ಕಾಡುತ್ತಿದ್ದರೆ ಆ ಗುರುತು ತೆಗೆದುಬಿಡಿ. ಭಾವನ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೆ ಇದೇ ಮದ್ದಾಯಿತು. ‘ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ’ ಎಂಬ ಆಯ್ಕೆಯನ್ನೂ ಆಫ್ ಮಾಡಿಡಿ. ಇಲ್ಲದಿದ್ದರೆ ಒಮ್ಮೆ ಪಿಡಿಎಫ್ ಉಳಿಸಿದ್ದಕ್ಕೆ ಮುಂದಿನ ಬಿಲ್ಲೂ ಹಾಳೆಯ ಬದಲು ಪಿಡಿಎಫ್‌ಗೇ ಹೋಗಬಹುದು.

ಒಂದು ಕಂಪ್ಯೂಟರಿಗೆ ಯುಎಸ್‌ಬಿ ಹಾಕಿ ಉಳಿದವರಿಗೆ ಹಂಚುವ ಹಳೆಯ ಪದ್ಧತಿ ಇನ್ನೂ ಬಹಳ ಕಡೆ ಇದೆ. ಆ ಕಂಪ್ಯೂಟರಿನವರು ರಜೆ ಹಾಕಿದ ದಿನ ಎಲ್ಲರ ಮುದ್ರಣಕ್ಕೂ ರಜೆ. ಮೇಲಾಗಿ 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ದೋಷ ಬಯಲಾದ ಮೇಲೆ ಮೈಕ್ರೋಸಾಫ್ಟ್ ಬಿಟ್ಟ ತಿದ್ದುಪಡಿಗಳಿಂದ ಇಂಥ ಹಂಚಿಕೆಯ ನಿಯಮಗಳು ಬಿಗಿಯಾದವು. ಪ್ರಿಂಟರಿಗೆ ಸ್ವಂತ ಜಾಲ ಸಂಪರ್ಕ ಇದ್ದರೆ ಆ ಗೋಜೇ ಬೇಡ.

ಮ್ಯಾಕ್ ಮತ್ತು ಉಬುಂಟು

ಇವೆರಡನ್ನು ಒಟ್ಟಿಗೆ ಹೇಳಲು ಕಾರಣವಿದೆ. ಒಳಗೆ ಮುದ್ರಣ ನೋಡಿಕೊಳ್ಳುವ ತಂತ್ರಾಂಶ ಎರಡರಲ್ಲೂ ಒಂದೇ, ಕಪ್ಸ್. 1999ರಲ್ಲಿ ಬಂದ ಇದನ್ನು ಆಪಲ್ 2002ರಲ್ಲಿ ಮ್ಯಾಕ್‌ಗೆ ಅಳವಡಿಸಿಕೊಂಡಿತು. ಐಪಿಪಿ ಎಂಬ ಸಾರ್ವತ್ರಿಕ ಮುದ್ರಣ ನಿಯಮ ತಿಳಿದ ಪ್ರಿಂಟರಾದರೆ ಇಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಡ್ರೈವರ್ ಬೇಕಾಗುವುದಿಲ್ಲ.

ಅಕ್ಕನ ಮಗಳ ಹೆಮ್ಮೆಯ ಗುಟ್ಟು ಇದು: ಮ್ಯಾಕ್ ಪ್ರಿಂಟರನ್ನು ವಿಳಾಸದಿಂದಲ್ಲ, ಹೆಸರಿನಿಂದ ನೆನಪಿಟ್ಟುಕೊಂಡಿತ್ತು. ಬಾಂಜೂರ್ ಎಂಬ ಏರ್ಪಾಡಿನಲ್ಲಿ ಪ್ರಿಂಟರ್ ತನ್ನ ಹೆಸರನ್ನು ಜಾಲದಲ್ಲಿ ಸಾರುತ್ತದೆ, ಮ್ಯಾಕ್ ಪ್ರತಿಸಲವೂ ಹೆಸರು ಕೂಗಿ ಅದು ಎಲ್ಲಿದೆಯೆಂದು ಕೇಳುತ್ತದೆ. ಮನೆ ಬದಲಿಸಿದರೂ ಓಗೊಡುತ್ತದೆ. ಆದ್ದರಿಂದ ‘ಸಿಸ್ಟಂ ಸೆಟ್ಟಿಂಗ್ಸ್’ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ನಲ್ಲಿ ‘ಆಡ್ ಪ್ರಿಂಟರ್’ ಒತ್ತಿದಾಗ ಹೆಸರು ಕಂಡರೆ ಅದನ್ನೇ ಆರಿಸಿ. ವಿಂಡೋಸಿಗೆ ಹೇಳಿದ್ದಕ್ಕೆ ಇದು ತದ್ವಿರುದ್ಧ. ‘ಯೂಸ್’ ಎಂಬಲ್ಲಿ ಏರ್‌ಪ್ರಿಂಟ್ ಎಂದಿರಲಿ. ಹೆಸರು ಕಾಣದಿದ್ದರೆ ಮಾತ್ರ ಭೂಗೋಳದ ಚಿತ್ರವಿರುವ ಗುಂಡಿ ಒತ್ತಿ ವಿಳಾಸ ಬರೆಯಿರಿ.

ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್’ ತೆರೆಯುವಷ್ಟರಲ್ಲೇ ಕೆಲವೊಮ್ಮೆ ಪ್ರಿಂಟರ್ ಬಂದು ಕೂತಿರುತ್ತದೆ. ಬಂದಿರದಿದ್ದರೆ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದರ ಮೇಲೊಂದು ಎರಡು ಚುಕ್ಕಿ (:) ಇಟ್ಟು 631 ಸೇರಿಸಿ. ಕಪ್ಸ್‌ನ ಪುಟ ಬರುತ್ತದೆ. ‘ಅಡ್ಮಿನಿಸ್ಟ್ರೇಶನ್’ನಲ್ಲಿ ‘ಆಡ್ ಪ್ರಿಂಟರ್’. ನೀವು ಆ ಕಂಪ್ಯೂಟರಿಗೆ ಲಾಗಿನ್ ಆಗುವ ಹೆಸರು, ಪಾಸ್‌ವರ್ಡನ್ನೇ ಕೇಳುತ್ತದೆ. ಐಪಿಪಿ ಆರಿಸಿ, ಸಂಪರ್ಕದ ಖಾನೆಯಲ್ಲಿ ಐಪಿಪಿ://192.168.1.50/ಐಪಿಪಿ/ಪ್ರಿಂಟ್ ಎಂಬುದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಿರಿ. ಮಾದರಿಯ ಪಟ್ಟಿಯಲ್ಲಿ ‘ಐಪಿಪಿ ಎವೆರಿವೇರ್’. ಕ್ಯೂವಿನ ಹೆಸರಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ.

ಯಾವುದೇ ಕಂಪ್ಯೂಟರಾದರೂ ಹಾಳೆಯ ಅಳತೆ ಎ4 ಎಂದಿದೆಯೇ ನೋಡಿ. ಅಮೆರಿಕದ ‘ಲೆಟರ್’ ಎಂದಿದ್ದರೆ, ತಟ್ಟೆ ತುಂಬ ಹಾಳೆಯಿದ್ದರೂ ಪ್ರಿಂಟರ್ ಹಾಳೆ ಬೇಕೆಂದು ದೀಪ ಮಿಟುಕಿಸುತ್ತಾ ನಿಲ್ಲಬಹುದು. ಪರದೆಯ ಮೇಲೆ ಸರಿಯಿದ್ದ ಕನ್ನಡ ಪಿಡಿಎಫ್ ಹಾಳೆಯಲ್ಲಿ ಒತ್ತಕ್ಷರ ಚೆದುರಿ ಬಂದರೆ, ಅಕ್ರೋಬ್ಯಾಟ್ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಹಾಕಿ. ನಿಧಾನವಾದೀತು, ಆದರೆ ಅಕ್ಷರ ಅಕ್ಷರವಾಗಿಯೇ ಬರುತ್ತದೆ.

ಸರದಿ ಸಿಕ್ಕಿಕೊಂಡರೆ

ವಿಂಡೋಸಿನಲ್ಲಿ ‘ಡಿಲೀಟಿಂಗ್’ ಎನ್ನುತ್ತಲೇ ಅಳಿಯದ ಕಡತ ಎಲ್ಲರಿಗೂ ಪರಿಚಿತ. ‘ಸರ್ವೀಸಸ್’ ತೆರೆದು, ಸರದಿಯನ್ನು ನಡೆಸುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. ಸಿ ಡ್ರೈವಿನ ವಿಂಡೋಸ್, ಸಿಸ್ಟಂ32, ಸ್ಪೂಲ್, ಪ್ರಿಂಟರ್ಸ್ ಎಂದು ಒಳಗೊಳಗೆ ಹೋಗಿ ಅಲ್ಲಿರುವ ಕಡತಗಳನ್ನು ಅಳಿಸಿ, ಫೋಲ್ಡರನ್ನು ಹಾಗೇ ಬಿಟ್ಟು ಸ್ಪೂಲರನ್ನು ಮತ್ತೆ ಹಚ್ಚಿ. ಮ್ಯಾಕ್‌ನಲ್ಲಿ, ಉಬುಂಟುವಿನಲ್ಲಿ ಕ್ಯೂ ತಾನೇ ‘ಪಾಜ್’ ಆಗಿ ನಿಂತಿರುತ್ತದೆ. ‘ರೆಸ್ಯೂಮ್’ ಒತ್ತಿದರೆ ಸಾಕು. ಒತ್ತುವ ಮೊದಲು ಎಷ್ಟು ಪ್ರತಿ ಕಾಯುತ್ತಿವೆ ಎಂದು ಎಣಿಸಿಕೊಳ್ಳಿ, ಹೆಚ್ಚಿನವನ್ನು ಅಳಿಸಿ.

ಮೊಬೈಲಿನ ಚಿಂತೆ ಬೇಡ. ಅದೇ ವೈಫೈನಲ್ಲಿದ್ದರೆ ಐಫೋನಿಗೆ ಏರ್‌ಪ್ರಿಂಟ್, ಆಂಡ್ರಾಯ್ಡಿಗೆ ಅದರೊಳಗಿನ ಮುದ್ರಣ ಸೇವೆ ಕೆಲಸ ಮಾಡುತ್ತವೆ.

ರೂಟರನ್ನು ಯುಪಿಎಸ್‌ಗೆ ಹಾಕಿ. ಲೇಸರ್ ಪ್ರಿಂಟರನ್ನು ಹಾಕಬೇಡಿ, ಹಾಳೆ ಕಾಯಿಸುವಾಗ ಅದು ಎಳೆಯುವ ಕರೆಂಟು ಸಣ್ಣ ಯುಪಿಎಸ್ ತಡೆಯದು. ಎಲ್ಲ ಮುಗಿದ ಮೇಲೆ, ಯಾರೂ ಕೆಲಸದಲ್ಲಿ ಇಲ್ಲದಾಗ ಮೇನ್ ಸ್ವಿಚ್ ಜೊತೆಗೆ ಯುಪಿಎಸ್ಸನ್ನೂ ನೀವೇ ಆರಿಸಿ. ಮತ್ತೆ ಹಚ್ಚಿ ಐದು ನಿಮಿಷ ಬಿಟ್ಟು, ಪ್ರತಿ ಕಂಪ್ಯೂಟರಿನಿಂದ ಒಂದೊಂದು ಹಾಳೆ ತೆಗೆಯಿರಿ. ಬಂದರೆ, 192.168.1.50 ಎಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಮುಚ್ಚಳದ ಮೇಲೆ ಅಂಟಿಸಿ.